ತಿಂಗಳಿಗೆ ಸಾವಿರ ರೂಪಾಯಿ: ಗುಳೆ ಬಂದ ಕುಟುಂಬದ ಹುಡುಗಿಯೊಬ್ಬಳ ವಿದ್ಯಾರ್ಥಿವೇತನದ ಪ್ರಕರಣ

ಇದು ಯಾದಗಿರಿ ಜಿಲ್ಲೆಯಿಂದ ಬೆಂಗಳೂರಿಗೆ ಗುಳೆ ಬಂದ ಕಟ್ಟಡ ಕಾರ್ಮಿಕರ ಮಗಳೊಬ್ಬಳ ಪ್ರಕರಣ. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ (ಬಡ ಮನೆಗಳ ಪ್ರತಿಭಾವಂತ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನ) ಪರೀಕ್ಷೆ ಬರೆದು ಆಯ್ಕೆಯಾದಳು; ಈಗ ಸರ್ಕಾರಿ ಕಾಲೇಜಿನಲ್ಲಿ ಪ್ರಥಮ ಪಿಯುಸಿ. ಇಲ್ಲಿ ಅವಳನ್ನು ದೇವಮ್ಮ ಎಂದು ಕರೆದಿದೆ, ಅದು ಅವಳ ಹೆಸರಲ್ಲ. ಊರು, ಶಾಲೆ, ಬ್ಯಾಂಕು ಯಾವುದನ್ನೂ ಹೆಸರಿಸಿಲ್ಲ. ಗುರುತು ಹತ್ತದಂತೆ ಮನೆಯ ಒಂದೆರಡು ವಿವರಗಳನ್ನು ಬದಲಿಸಿದೆ.

ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವುದು ಹೇಗೆಂದು ಬಹಳ ಶಾಲೆಗಳಿಗೆ ಗೊತ್ತಿದೆ. ಆಯ್ಕೆಯಾದ ಮಗುವಿಗೆ ನಾಲ್ಕು ವರ್ಷವೂ ಹಣ ತಪ್ಪದೆ ಸೇರುವಂತೆ ನೋಡಿಕೊಳ್ಳುವುದು ಬೇರೆಯೇ ಕೆಲಸ. ಊರಿಂದೂರಿಗೆ ಅಲೆಯುವ ಮನೆಯ ಮಕ್ಕಳು ಜಾರಿಹೋಗುವುದು ಹೆಚ್ಚಾಗಿ ಈ ಎರಡನೇ ಹಂತದಲ್ಲಿ. ಅದಕ್ಕಾಗಿ ಇಲ್ಲಿ ಅಂಕಗಳಿಗಿಂತ ಕಾಗದಪತ್ರಗಳಿಗೆ ಹೆಚ್ಚು ಜಾಗ ಕೊಟ್ಟಿದೆ.

ಮನೆ, ಹೊಲ, ಸೈಟು

ದೇವಮ್ಮನ ತಂದೆ ಸೆಂಟ್ರಿಂಗ್ ಕೆಲಸಗಾರ, ತಾಯಿ ಅದೇ ಸೈಟಿನಲ್ಲಿ ಹೆಲ್ಪರ್. ಊರಲ್ಲಿ ಎರಡು ಎಕರೆ ಒಣಬೇಸಾಯದ ಹೊಲವಿದೆ. ತೊಗರಿ, ಸ್ವಲ್ಪ ಹತ್ತಿ. ಮಳೆ ಹಿಡಿದರೆ ಬಿತ್ತನೆ ಮುಗಿಸಿ ಬೆಂಗಳೂರಿಗೆ ಬರುವುದು, ಡಿಸೆಂಬರ್‌–ಜನವರಿಯಲ್ಲಿ ತೊಗರಿ ರಾಶಿಗೆ ಊರಿಗೆ ಹೋಗುವುದು, ಮತ್ತೆ ಸೈಟಿಗೆ ಮರಳುವುದು. ಹೀಗೆ ವರ್ಷಕ್ಕೆ ಎರಡು ಸಲವಾದರೂ ಮನೆ ಮಂದಿಯೆಲ್ಲ ಗಂಟು ಕಟ್ಟುತ್ತಿದ್ದರು. ಮೇಸ್ತ್ರಿಯಿಂದ ಪಡೆದ ಮುಂಗಡ ತೀರುವ ತನಕ ಅವನು ಹೇಳಿದ ಸೈಟೇ ಅವರ ವಿಳಾಸ.

ಮಕ್ಕಳು ಮೂವರು. ದೇವಮ್ಮ ದೊಡ್ಡವಳು. ಅವಳು ಎಂಟನೇ ತರಗತಿಗೆ ಬಂದಾಗ ಒಬ್ಬ ತಮ್ಮ ಮೂರನೇ ತರಗತಿಯಲ್ಲಿದ್ದ, ಕೊನೆಯವನಿಗೆ ಮೂರು ವರ್ಷ. ಐದನೇ ತರಗತಿಯ ನಡುವೆ ಊರಿನ ಶಾಲೆ ಬಿಟ್ಟು ಬಂದವಳನ್ನು ನಗರದ ಪೂರ್ವದಂಚಿನ ಸರ್ಕಾರಿ ಶಾಲೆಯೊಂದು ಟಿಸಿ ಇಲ್ಲದೆಯೇ ಸೇರಿಸಿಕೊಂಡಿತ್ತು. ಅದು ಕಾನೂನಿನ ಪ್ರಕಾರವೇ ಆದ ಕೆಲಸ: 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಟಿಸಿ ತಡವಾಯಿತೆಂದು ಎಂಟನೇ ತರಗತಿಯವರೆಗೆ ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಆದರೆ ಒಂಬತ್ತನೇ ತರಗತಿಗೆ ಈ ಕಾಯ್ದೆಯ ರಕ್ಷಣೆ ಇಲ್ಲ. ಗುಳೆ ಹೋಗುವ ಮನೆಗಳ ಹೆಣ್ಣುಮಕ್ಕಳ ಓದು ಎಂಟಕ್ಕೆ ನಿಲ್ಲುವುದಕ್ಕೆ ಬಡತನದ ಜೊತೆಗೆ ಇದೂ ಒಂದು ಕಾರಣ. ಎನ್‌ಎಂಎಂಎಸ್ ಹಿಡಿದುಕೊಳ್ಳುವುದು ಸರಿಯಾಗಿ ಆ ಜಾಗದಲ್ಲಿ.

ವಿದ್ಯಾರ್ಥಿವೇತನದ ಕಟ್ಟುಪಾಡು

2008ರಲ್ಲಿ ಶುರುವಾದ ಈ ಕೇಂದ್ರ ಯೋಜನೆಯಲ್ಲಿ ದೇಶದಾದ್ಯಂತ ವರ್ಷಕ್ಕೆ ಒಂದು ಲಕ್ಷ ಹೊಸ ಮಕ್ಕಳಿಗೆ ವಿದ್ಯಾರ್ಥಿವೇತನ ಸಿಗುತ್ತದೆ. 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂ. ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂ. ಮೀರಿರಬಾರದು, ಏಳನೇ ತರಗತಿಯಲ್ಲಿ ಶೇ. 55 ಅಂಕ ಇರಬೇಕು, ಪರಿಶಿಷ್ಟರಿಗೆ ಶೇ. 50. ಓದು ಸರ್ಕಾರಿ, ಸ್ಥಳೀಯ ಸಂಸ್ಥೆಯ ಅಥವಾ ಅನುದಾನಿತ ಶಾಲೆಯಲ್ಲೇ ಆಗಬೇಕು. ಖಾಸಗಿ ಅನುದಾನರಹಿತ ಶಾಲೆ, ಕೇಂದ್ರೀಯ ವಿದ್ಯಾಲಯ, ನವೋದಯ, ಊಟ–ವಸತಿ–ಪಾಠ ಮೂರನ್ನೂ ಸರ್ಕಾರವೇ ಕೊಡುವ ವಸತಿ ಶಾಲೆ ಇವುಗಳ ಮಕ್ಕಳಿಗೆ ಇಲ್ಲ.

ಪರೀಕ್ಷೆಯಲ್ಲಿ ಎರಡು ಪತ್ರಿಕೆ: ಮಾನಸಿಕ ಸಾಮರ್ಥ್ಯ 90 ಪ್ರಶ್ನೆ, ವಿಷಯ ಜ್ಞಾನ 90 ಪ್ರಶ್ನೆ, ತಲಾ 90 ನಿಮಿಷ. ಒಟ್ಟು 180ರಲ್ಲಿ ಶೇ. 40, ಅಂದರೆ 72 ಬಂದರೆ ಅರ್ಹತೆ, ಪರಿಶಿಷ್ಟರಿಗೆ ಶೇ. 32. ಅರ್ಹತೆ ಬಂದ ಮಾತ್ರಕ್ಕೆ ಆಯ್ಕೆಯಾಯಿತೆಂದಲ್ಲ, ಮೆರಿಟ್ ಪಟ್ಟಿಯಲ್ಲಿ ಹೆಸರು ಬರಬೇಕು. ಪೋಷಕರಿಗೆ ಇದನ್ನು ಮೊದಲೇ ಬಿಡಿಸಿ ಹೇಳಬೇಕು. ಪಾಸಾದರೂ ದುಡ್ಡು ಬರಲಿಲ್ಲ ಎಂಬ ಬೇಸರ ಮುಂದಿನ ಮಗುವನ್ನು ಪರೀಕ್ಷೆಗೆ ಕೂರಿಸುವಾಗ ಅಡ್ಡ ಬರುತ್ತದೆ.

ಅರ್ಜಿಗೂ ಮೊದಲು ಬಗೆಹರಿಯಬೇಕಿದ್ದದ್ದು

ಜೂನ್‌ನಲ್ಲಿ ಶಾಲೆ ಶುರುವಾದಾಗ ದೇವಮ್ಮನ ಹಾಜರಾತಿ ವಾರಕ್ಕೆ ಮೂರು ದಿನ. ಕಾರಣ ಚಿಕ್ಕ ತಮ್ಮ. ತಾಯಿ ಇಟ್ಟಿಗೆ ಹೊರಲು ಹೋದರೆ ಅವನನ್ನು ನೋಡಿಕೊಳ್ಳುವವಳು ಇವಳೇ. ತಾಯಿಯ ದಿನಗೂಲಿ ಐನೂರು ರೂಪಾಯಿ. ತಿಂಗಳಿಗೆ ಇಪ್ಪತ್ತು ದಿನ ಕೆಲಸ ಸಿಕ್ಕರೂ ಹತ್ತು ಸಾವಿರ. ಮಗಳು ಶಾಲೆಗೆ ಹೋದರೆ ಆ ಹತ್ತು ಸಾವಿರಕ್ಕೆ ಪೆಟ್ಟು. ಮುಂದಿನ ವರ್ಷ ಸಿಗಬಹುದಾದ ತಿಂಗಳ ಸಾವಿರ ರೂಪಾಯಿ ಇದರ ಎದುರು ನಿಲ್ಲುವುದಿಲ್ಲ. ವಿದ್ಯಾರ್ಥಿವೇತನದ ಬಗ್ಗೆ ಮಾತಾಡುವವರು ಈ ಲೆಕ್ಕವನ್ನು ಬಿಟ್ಟೇ ಮಾತಾಡುತ್ತಾರೆ.

ಹಾಗಾಗಿ ತರಗತಿ ಶಿಕ್ಷಕಿ ಮೊದಲು ಕೈಹಾಕಿದ್ದು ಅಂಗನವಾಡಿಗೆ. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಸೈಟಿನಲ್ಲಿ ಶಿಶುವಿಹಾರ ಇರಬೇಕೆಂದು ಆಗ ಜಾರಿಯಲ್ಲಿದ್ದ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು. ಈ ಸೈಟಿನಲ್ಲಿ ಅಷ್ಟು ಹೆಂಗಸರಿರಲಿಲ್ಲ. ಮುಕ್ಕಾಲು ಕಿಲೋಮೀಟರ್ ದೂರದ ಅಂಗನವಾಡಿಯಲ್ಲಿ ಮೂರು ವರ್ಷದ ಮಗುವಿಗೆ ಜಾಗ ಸಿಕ್ಕಿತು. ಬೆಳಿಗ್ಗೆ ದೇವಮ್ಮ ತಮ್ಮನನ್ನು ಅಲ್ಲಿ ಬಿಟ್ಟು ಶಾಲೆಗೆ ಬರುವುದು, ಸಂಜೆ ನಾಲ್ಕಕ್ಕೆ ಅಂಗನವಾಡಿ ಮುಗಿದಾಗ ಪಕ್ಕದ ಶೆಡ್ಡಿನ ಅಜ್ಜಿ ಕರೆದುಕೊಂಡು ಹೋಗುವುದು ಎಂದು ಏರ್ಪಾಡಾಯಿತು. ಆಗಸ್ಟ್ ಹೊತ್ತಿಗೆ ಹಾಜರಾತಿ ವಾರಕ್ಕೆ ಐದು ದಿನಕ್ಕೆ ಏರಿತು. ಈ ಇಡೀ ಪ್ರಕರಣದಲ್ಲಿ ಒಂದೇ ಒಂದು ನಿರ್ಧಾರವನ್ನು ದೊಡ್ಡದೆನ್ನುವುದಾದರೆ ಇದನ್ನೇ ಎನ್ನಬೇಕು.

ಇನ್ನೊಂದು ಪ್ರಶ್ನೆ ವಸತಿ ಶಾಲೆಯದು. ಮಗಳನ್ನು ತವರು ತಾಲ್ಲೂಕಿನ ಕಸ್ತೂರ್ಬಾ ಗಾಂಧಿ ಬಾಲಿಕಾ ವಿದ್ಯಾಲಯಕ್ಕೆ ಸೇರಿಸಿಬಿಡಿ ಎಂದು ಸೋದರತ್ತೆ ಹೇಳಿದ್ದರು. ಊಟ, ವಸತಿ, ಪಾಠ ಎಲ್ಲವೂ ಅಲ್ಲೇ. ಅಲ್ಲಿಗೆ ಹೋದರೆ ಎನ್‌ಎಂಎಂಎಸ್ ಕೈತಪ್ಪುತ್ತದೆ. ಹಣದ ಲೆಕ್ಕದಲ್ಲಿ ನೋಡಿದರೆ ವಸತಿ ಶಾಲೆಯೇ ಮೇಲು: ಒಂದು ಮಗುವಿನ ವರ್ಷದ ಊಟದ ಖರ್ಚೇ 12,000 ರೂ. ದಾಟುತ್ತದೆ. ಮನೆ ಪದೇ ಪದೇ ಜಾಗ ಬದಲಿಸುತ್ತಿದ್ದು, ವಸತಿ ಶಾಲೆಯಲ್ಲಿ ಸೀಟು ಸಿಗುವಂತಿದ್ದರೆ ವಿದ್ಯಾರ್ಥಿವೇತನದ ಆಸೆಗೆ ಅದನ್ನು ಬಿಡಿಸಬಾರದು. ಇಲ್ಲಿ ಬಿಟ್ಟದ್ದಕ್ಕೆ ಕಾರಣ ಬೇರೆ. ಊರಲ್ಲಿ ಅಜ್ಜಿಯ ಕಡೆಯಿಂದ ಮದುವೆಯ ಮಾತು ಆಗಲೇ ಎದ್ದಿತ್ತು. ಮಗಳು ಕಣ್ಣೆದುರಿಗಿರಲಿ ಎಂದು ತಾಯಿ ಗಟ್ಟಿಯಾಗಿ ಹೇಳಿದರು. ಶಾಲೆ ಆ ಮಾತಿಗೆ ಬೆಲೆ ಕೊಟ್ಟಿತು.

ಹೆಸರು, ಸಂಖ್ಯೆ, ಪ್ರಮಾಣಪತ್ರ

ಸೆಪ್ಟೆಂಬರ್‌ನಲ್ಲಿ ಅವಳ ಕಾಗದಗಳನ್ನೆಲ್ಲ ಒಂದು ಮೇಜಿನ ಮೇಲೆ ಹರಡಿ ನೋಡಿದಾಗ ಮೂರು ತೊಡಕು ಕಂಡವು.

ಮೊದಲನೆಯದು ಹೆಸರು. ಊರಿನ ಶಾಲೆಯ ದಾಖಲೆಯಲ್ಲಿ ‘ದೇವಮ್ಮ ತಂದೆ’ ಎಂದು ಬರೆದು ಮುಂದೆ ಅಪ್ಪನ ಪೂರ್ತಿ ಹೆಸರು. ಆ ಕಡೆ ಹಾಗೆ ಬರೆಯುವುದೇ ರೂಢಿ. ಬೆಂಗಳೂರಿನ ಶಾಲೆಯಲ್ಲಿ ಹೆಸರಿನ ಮುಂದೆ ಒಂದಕ್ಷರದ ಇನಿಷಿಯಲ್. ಆಧಾರ್‌ನಲ್ಲಿ ಬರೀ ಹೆಸರು, ಅದರಲ್ಲೂ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಅಕ್ಷರ ಹೆಚ್ಚು. ಮನುಷ್ಯರು ಓದಿದರೆ ಮೂವರೂ ಒಬ್ಬಳೇ. ಕಂಪ್ಯೂಟರಿಗೆ ಮೂವರು. ಯಾವುದನ್ನು ಯಾವುದಕ್ಕೆ ಹೊಂದಿಸಬೇಕು ಎಂಬಲ್ಲಿ ಬಹಳ ಜನ ಅವಸರ ಮಾಡುತ್ತಾರೆ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ಬದಲಿಸಬಹುದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಚ್ಚಾದ ಮೇಲೆ ಅದರಲ್ಲಿರುವ ಹೆಸರನ್ನು ತಿದ್ದಿಸುವುದು ಬಹಳ ಕಷ್ಟ. ಆದ್ದರಿಂದ ಮುಂದೆ ಅಂಕಪಟ್ಟಿಯಲ್ಲಿ ಯಾವ ಹೆಸರು ಬರಬೇಕು ಎಂಬುದನ್ನು ಎಂಟನೇ ತರಗತಿಯಲ್ಲೇ ತೀರ್ಮಾನಿಸಿ, ಉಳಿದೆಲ್ಲವನ್ನೂ ಅದಕ್ಕೆ ಹೊಂದಿಸುವುದು ಸರಿಯಾದ ಕ್ರಮ. ಇನಿಷಿಯಲ್ ಇಲ್ಲದ ಬರೀ ಹೆಸರನ್ನೇ ಇಟ್ಟುಕೊಳ್ಳುವುದೆಂದಾಯಿತು. ಆಧಾರ್‌ನಲ್ಲಿ ಹೆಚ್ಚಿಗೆ ಇದ್ದ ಆ ಒಂದು ಅಕ್ಷರ ತೆಗೆಸಿ, ಶಾಲೆಯ ದಾಖಲೆಯಿಂದ ಇನಿಷಿಯಲ್ ಬಿಡಿಸಿದರು. ಜನ್ಮದಿನಾಂಕ ಅದೃಷ್ಟಕ್ಕೆ ಎಲ್ಲ ಕಡೆ ಒಂದೇ ಇತ್ತು.

ಎರಡನೆಯದು ಎಸ್‌ಎಟಿಎಸ್ ಸಂಖ್ಯೆ, ಅಂದರೆ ರಾಜ್ಯದ ಶಾಲಾ ಗಣಕ ದಾಖಲೆಯಲ್ಲಿ ಪ್ರತಿ ಮಗುವಿಗೂ ಕೊಡುವ ಸಂಖ್ಯೆ. ಮಗು ಶಾಲೆ ಬದಲಿಸಿದರೂ ಈ ಸಂಖ್ಯೆ ಬದಲಾಗಬಾರದು. ಊರಿನ ಶಾಲೆ ಅವಳನ್ನು ಗಣಕದಲ್ಲಿ ಬಿಡುಗಡೆ ಮಾಡಿರಲಿಲ್ಲವಾದ್ದರಿಂದ ಇಲ್ಲಿ ಸೇರಿಸಿಕೊಂಡವರು ಹೊಸ ಸಂಖ್ಯೆಯನ್ನೇ ಹುಟ್ಟಿಸಿದ್ದರು. ಒಂದೇ ಮಗುವಿಗೆ ಎರಡು ಸಂಖ್ಯೆ. ಊರಿನ ಲೆಕ್ಕದಲ್ಲಿ ಅವಳು ಎರಡು ವರ್ಷಕ್ಕೂ ಹೆಚ್ಚು ಕಾಲದಿಂದ ಶಾಲೆ ಬಿಟ್ಟ ಮಗು. ಎರಡೂ ಕಡೆಯ ಮುಖ್ಯ ಶಿಕ್ಷಕರು ಫೋನಿನಲ್ಲಿ ಮಾತಾಡಿ, ಹಳೆಯ ಸಂಖ್ಯೆಯನ್ನು ವರ್ಗಾಯಿಸಿಕೊಂಡು, ಹೊಸದನ್ನು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯ ಮೂಲಕ ತೆಗೆಸಿದರು. ಅರ್ಜಿಯ ಗಡುವಿನ ವಾರದಲ್ಲಿ ಇದು ಆಗುವ ಕೆಲಸವಲ್ಲ. ಗುಳೆ ಬಂದ ಮಗುವನ್ನು ಸೇರಿಸಿಕೊಂಡ ದಿನವೇ ಊರಿನ ಶಾಲೆಗೆ ಒಂದು ಫೋನು ಮಾಡಿದ್ದರೆ ಈ ತೊಡಕು ಹುಟ್ಟುತ್ತಲೇ ಇರಲಿಲ್ಲ.

ಮೂರನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ಕುಟುಂಬ ಹಿಂದುಳಿದ ವರ್ಗಗಳ ಪ್ರವರ್ಗ–1ಕ್ಕೆ ಸೇರಿದ್ದು. ಬೆಂಗಳೂರಿನ ವಿಳಾಸದಲ್ಲಿ ಮಾಡಿಸಿಕೊಡುತ್ತೇನೆಂದು ಸೈಬರ್ ಸೆಂಟರಿನವನೊಬ್ಬ ಎಂಟುನೂರು ರೂಪಾಯಿ ಕೇಳಿದ್ದ. ಬಾಡಿಗೆ ಕರಾರೇ ಇಲ್ಲದ ತಗಡಿನ ಶೆಡ್ಡಿನ ವಿಳಾಸಕ್ಕೆ ಪ್ರಮಾಣಪತ್ರ ಕೊಡುವವರು ಯಾರು? ಅಂಥವರಿಗೆ ದುಡ್ಡು ಕೊಟ್ಟರೆ ದುಡ್ಡೂ ಹೋಗುತ್ತದೆ, ತಿಂಗಳೂ ಹೋಗುತ್ತದೆ. ಅರ್ಜಿಯನ್ನು ನಾಡಕಚೇರಿಯ ಜಾಲತಾಣದಲ್ಲಿ ಊರಿನ ವಿಳಾಸಕ್ಕೇ, ರೇಷನ್ ಕಾರ್ಡಿನ ಸಂಖ್ಯೆ ಕೊಟ್ಟು ಇಲ್ಲಿಂದಲೇ ಹಾಕಲಾಯಿತು. ಸ್ಥಳ ಪರಿಶೀಲನೆಗೆ ಗ್ರಾಮ ಲೆಕ್ಕಿಗರು ಬಂದಾಗ ಮನೆಗೆ ಬೀಗ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಚಿಕ್ಕಪ್ಪನಿಗೆ ಮೊದಲೇ ತಿಳಿಸಿ, ಅವರು ಲೆಕ್ಕಿಗರನ್ನು ಭೇಟಿಯಾಗುವಂತೆ ಮಾಡಿದರು. ಮೂರನೇ ವಾರಕ್ಕೆ ಕಂದಾಯ ಇಲಾಖೆಯ ಆರ್‌ಡಿ ಸಂಖ್ಯೆ ಇರುವ ಪ್ರಮಾಣಪತ್ರ ಬಂತು. ಆದಾಯದ ಮಟ್ಟಿಗೆ ಅದಕ್ಕೆ ಐದು ವರ್ಷ ಮಾನ್ಯತೆ.

ಇಲ್ಲಿ ಒಂದು ನಿಯಮ ಮಾಡಿಕೊಂಡರು, ಉಳಿದವರೂ ಅನುಸರಿಸಬಹುದಾದದ್ದು: ಕಾಯಂ ವಿಳಾಸ ಯಾವಾಗಲೂ ಊರಿನದು, ಎಲ್ಲ ಅರ್ಜಿಯಲ್ಲೂ ಅಕ್ಷರ ತಪ್ಪದೆ ಅದೇ. ಸದ್ಯದ ವಿಳಾಸ ಕೇಳಿದ ಕಡೆ ಶಾಲೆಯ ವಿಳಾಸ. ಸೈಟಿನ ವಿಳಾಸವನ್ನು ಎಲ್ಲೂ ಬರೆಯುವುದಿಲ್ಲ.

ಓದು, ಮತ್ತು ತೊಗರಿ ರಾಶಿ

ವಿಷಯ ಜ್ಞಾನದ ಪತ್ರಿಕೆಯಲ್ಲಿ ದೇವಮ್ಮ ಹಿಂದಿದ್ದಳು. ಶಾಲೆ ಬದಲಾದಾಗಲೆಲ್ಲ ಒಂದೊಂದು ತುಂಡು ಪಾಠ ತಪ್ಪಿಹೋಗಿತ್ತು. ಭಿನ್ನರಾಶಿ ಗೊತ್ತು, ಬೀಜಗಣಿತದ ಮೊದಲ ಮೆಟ್ಟಿಲು ಗೊತ್ತಿಲ್ಲ. ಆದರೆ ಮಾನಸಿಕ ಸಾಮರ್ಥ್ಯದ ಪತ್ರಿಕೆಗೆ ಯಾವ ಶಾಲೆಯಲ್ಲೂ ಪಾಠ ಇರುವುದಿಲ್ಲ. ಸಂಖ್ಯಾ ಸರಣಿ, ಸಂಕೇತ ಭಾಷೆ, ದಿಕ್ಕು, ಕನ್ನಡಿ ಬಿಂಬ, ವೆನ್ ಚಿತ್ರ ಇವುಗಳಲ್ಲಿ ಎಲ್ಲ ಮಕ್ಕಳೂ ಒಂದೇ ಗೆರೆಯಿಂದ ಓಡಬೇಕು. ಹಾಗಾಗಿ ವಲಸೆ ಮಕ್ಕಳಿಗೆ ದಿನದ ಒಂದು ಗಂಟೆಯಲ್ಲಿ ನಲವತ್ತು ನಿಮಿಷ ಇದಕ್ಕೇ ಮೀಸಲು. ಸೆಪ್ಟೆಂಬರ್‌ನ ಮೊದಲ ಅಣಕು ಪರೀಕ್ಷೆಯಲ್ಲಿ 90ಕ್ಕೆ 31 ಬಂದದ್ದು ನವೆಂಬರ್ ಕೊನೆಗೆ 58 ಆಯಿತು. ವಿಷಯ ಜ್ಞಾನದಲ್ಲಿ ಅದೇ ಅವಧಿಯಲ್ಲಿ ಏರಿದ್ದು ಹತ್ತು ಅಂಕ ಮಾತ್ರ.

ಉತ್ತರಕ್ಕೆ ಗುಂಡಿ ತುಂಬುವ ಒಎಂಆರ್ ಹಾಳೆಯ ಅಭ್ಯಾಸವೂ ಬೇಕಾಯಿತು. ಮೊದಮೊದಲು ಅವಳು ಉತ್ತರವನ್ನೆಲ್ಲ ಪ್ರಶ್ನೆಪತ್ರಿಕೆಯಲ್ಲೇ ಗುರುತು ಹಾಕಿಕೊಂಡು ಕೊನೆಯ ಹತ್ತು ನಿಮಿಷದಲ್ಲಿ ಗುಂಡಿ ತುಂಬಲು ಕೂರುತ್ತಿದ್ದಳು. ಒಂದು ಪ್ರಶ್ನೆ ಬಿಟ್ಟುಹೋಗಿದ್ದರೆ ಅಲ್ಲಿಂದ ಮುಂದಿನ ಸಾಲೆಲ್ಲ ಒಂದು ಮನೆ ಕೆಳಗೆ ಜಾರುತ್ತಿತ್ತು. ಹತ್ತು ಪ್ರಶ್ನೆ ಮುಗಿದ ಕೂಡಲೇ ಹತ್ತು ಗುಂಡಿ ತುಂಬುವುದು, ತುಂಬುವಾಗ ಎಡಗೈ ಬೆರಳು ಪ್ರಶ್ನೆಯ ಸಂಖ್ಯೆಯ ಮೇಲೆ ಇಟ್ಟುಕೊಳ್ಳುವುದು ಎಂದು ರೂಢಿ ಮಾಡಿಸಿದ ಮೇಲೆ ಅದು ನಿಂತಿತು.

ಪರೀಕ್ಷೆಯ ದಿನಾಂಕ ತೊಗರಿ ರಾಶಿಯ ಹೊತ್ತಿಗೇ ಬಿತ್ತು. ಮನೆಯವರು ಊರಿಗೆ ಹೊರಡಲು ತಯಾರಾಗಿದ್ದರು. ಶಿಕ್ಷಕಿ ಶೆಡ್ಡಿಗೆ ಹೋದಾಗ ತಾಯಿ ಹೇಳಿದ್ದು ಇಷ್ಟು: “ಬೆಳಿ ನಿಂತದ ಮೇಡಂ. ರಾಶಿ ಮಾಡ್ಲಿಲ್ಲಂದ್ರ ವರ್ಷದ ಗಂಟೇ ಹೋಗ್ತದ್ರಿ. ಹುಡುಗೀನ ಒಬ್ಬಾಕೀನ ಎಲ್ಲಿ ಬಿಡ್ಲಿ?” ಬೆಳೆಯನ್ನು ಬಿಟ್ಟು ಉಳಿಯಿರಿ ಎಂದು ಹೇಳುವ ಹಕ್ಕು ಯಾರಿಗೂ ಇರಲಿಲ್ಲ. ಶಾಲೆ ಮುಂದಿಟ್ಟ ದಾರಿ: ತಂದೆ ಮೊದಲು ಹೋಗಿ ಕೊಯ್ಲು ಶುರು ಮಾಡುವುದು, ತಾಯಿ, ಮಕ್ಕಳು ಪರೀಕ್ಷೆ ಮುಗಿದ ರಾತ್ರಿಯ ಬಸ್ಸಿಗೆ ಹೊರಡುವುದು. ಆ ಆರು ದಿನಕ್ಕೆ ತಂದೆ ಊರಲ್ಲಿ ಒಂದು ಕೂಲಿ ಆಳು ಹೆಚ್ಚಿಗೆ ಇಟ್ಟುಕೊಳ್ಳಬೇಕಾಯಿತು. ವಿದ್ಯಾರ್ಥಿವೇತನದ ಒಂದು ರೂಪಾಯಿ ಕೈಸೇರುವ ಮೊದಲೇ ಕುಟುಂಬ ತನ್ನ ಗಂಟಿನಿಂದ ಖರ್ಚು ಮಾಡಿತ್ತು.

ಫಲಿತಾಂಶದ ಪಟ್ಟಿಯಲ್ಲಿ ಅವಳ ಹೆಸರು ಬಂತು.

ಬಾರದ ಹಣ

ಆಯ್ಕೆಯಾದ ಮಗು ಒಂಬತ್ತನೇ ತರಗತಿಗೆ ಸೇರಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ತಾನೇ ಅರ್ಜಿ ಹಾಕಬೇಕು. ಅದನ್ನು ಮೊದಲು ಶಾಲೆಯ ನೋಡಲ್ ಅಧಿಕಾರಿ, ಬಳಿಕ ಜಿಲ್ಲಾ ನೋಡಲ್ ಅಧಿಕಾರಿ ಪರಿಶೀಲಿಸಿ ಮುಂದೆ ಕಳಿಸಬೇಕು. ಎರಡಕ್ಕೂ ಬೇರೆ ಬೇರೆ ಗಡುವು. ಪಟ್ಟಿಯಲ್ಲಿ ಹೆಸರು ಬಂದರೆ ದುಡ್ಡು ತಾನಾಗಿ ಬರುತ್ತದೆ ಎಂದು ಸುಮ್ಮನೆ ಕೂತು ಎಷ್ಟೋ ಮಕ್ಕಳು ಇಲ್ಲೇ ಕಳೆದುಕೊಳ್ಳುತ್ತಾರೆ.

ಅರ್ಜಿ ಹಾಕುವಾಗ ಕೊಟ್ಟ ಫೋನ್ ನಂಬರಿನ ವಿಷಯದಲ್ಲಿ ಶಾಲೆ ಎಚ್ಚರ ವಹಿಸಿತು. ತಂದೆಯ ನಂಬರು ವರ್ಷದಲ್ಲಿ ಎರಡು ಸಲ ಬದಲಾಗಿತ್ತು; ರೀಚಾರ್ಜ್ ಇಲ್ಲದೆ ಮೂರು ತಿಂಗಳು ಕಳೆದ ಸಿಮ್ ನಿಂತುಹೋಗಿ, ಮುಂದೆ ಬೇರೆಯವರ ಪಾಲಾಗಬಹುದು. ಶಿಕ್ಷಕಿಯ ನಂಬರು ಕೊಡುವುದು ಸುಲಭವಾಗಿ ಕಂಡರೂ ಕೊಡಲಿಲ್ಲ. ಶಿಕ್ಷಕಿಗೆ ವರ್ಗಾವಣೆಯಾದರೆ ಒಟಿಪಿ ಅವರ ಹಿಂದೆಯೇ ಹೋಗುತ್ತದೆ. ಒಂದೇ ಕಡೆ ನೆಲೆ ನಿಂತಿದ್ದ ಚಿಕ್ಕಪ್ಪನ ನಂಬರನ್ನು ಆಧಾರ್‌ಗೂ ಪೋರ್ಟಲ್‌ಗೂ ಕೊಟ್ಟರು.

ಶಾಲೆಯ ಹತ್ತಿರದ ಬ್ಯಾಂಕಿನಲ್ಲಿ ದೇವಮ್ಮನ ಹೆಸರಿಗೆ ಖಾತೆ ತೆರೆಸಿ ಪಾಸ್‌ಬುಕ್ ಪಡೆದಾಗಿತ್ತು. ಎರಡೂ ಹಂತದ ಪರಿಶೀಲನೆ ಮುಗಿಯಿತು. ಉಳಿದ ಮಕ್ಕಳಿಗೆ ಹಣ ಬಂತು, ಇವಳಿಗೆ ಬರಲಿಲ್ಲ. ಎರಡು ತಿಂಗಳು ಎಲ್ಲರೂ ಪಾಸ್‌ಬುಕ್ ತಿರುವಿದರು. ಬ್ಯಾಂಕಿನವರು ಖಾತೆ ಸರಿಯಾಗಿದೆ ಎಂದರು, ಪೋರ್ಟಲ್‌ನಲ್ಲಿ ಅರ್ಜಿ ಸರಿಯಾಗಿದೆ ಎಂದಿತ್ತು. ಎರಡೂ ನಿಜ.

ತೊಡಕು ಇದ್ದದ್ದು ಇವೆರಡರ ನಡುವೆ. ನೇರ ನಗದು ವರ್ಗಾವಣೆಯ ಹಣ ಪಾಸ್‌ಬುಕ್ಕಿನಲ್ಲಿರುವ ಖಾತೆ ಸಂಖ್ಯೆ ನೋಡಿ ಬರುವುದಿಲ್ಲ, ಆಧಾರ್ ಸಂಖ್ಯೆ ನೋಡಿ ಬರುತ್ತದೆ. ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದು ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಪಟ್ಟಿಯಲ್ಲಿರುತ್ತದೆ, ಕೊನೆಗೆ ಜೋಡಿಸಿದ ಬ್ಯಾಂಕಿಗೇ ಹಣ. ಊರಲ್ಲಿ ನಾಲ್ಕನೇ ತರಗತಿಯಲ್ಲಿದ್ದಾಗ ಶಾಲೆಯವರು ಅವಳಿಗೊಂದು ಖಾತೆ ತೆರೆಸಿದ್ದರು, ಮನೆಯವರಿಗೆ ಮರೆತೇಹೋಗಿತ್ತು. ಹೊಸ ಬ್ಯಾಂಕಿನಲ್ಲಿ ಆಧಾರ್ ನಕಲು ಕೊಟ್ಟಿದ್ದರಾದರೂ ಜೋಡಣೆಗೆ ಒಪ್ಪಿಗೆಯ ನಮೂನೆ ಕೊಟ್ಟಿರಲಿಲ್ಲ. ಆಧಾರ್ ನಕಲು ಕೊಡುವುದು ಬೇರೆ, ಹಣ ಇಲ್ಲಿಗೇ ಬರಲಿ ಎಂದು ಜೋಡಿಸುವುದು ಬೇರೆ. ಹಣ ಹಳೆಯ ಖಾತೆಯತ್ತ ಹೋಗಿತ್ತು; ಎರಡು ವರ್ಷಕ್ಕಿಂತ ಹೆಚ್ಚು ಕಾಲ ಯಾವ ವ್ಯವಹಾರವೂ ಇಲ್ಲದೆ ನಿಷ್ಕ್ರಿಯವಾಗಿದ್ದ ಆ ಖಾತೆಯಿಂದ ಅದು ವಾಪಸಾಗಿತ್ತು.

ಇದು ಗೊತ್ತಾದದ್ದು ಆಧಾರ್ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡಿದಾಗ. ಒಟಿಪಿ ಬಂದರೆ ಐದು ನಿಮಿಷದ ಕೆಲಸ. ಬ್ಯಾಂಕಿನ ಹೆಸರು, ಜೋಡಣೆ ಸಕ್ರಿಯವೋ ಅಲ್ಲವೋ, ಯಾವ ದಿನಾಂಕದಿಂದ ಎಂಬುದೆಲ್ಲ ಅಲ್ಲೇ ಕಾಣುತ್ತದೆ. ಅರ್ಜಿ ಹಾಕುವ ದಿನವೇ ಇದನ್ನು ನೋಡಿ ಮುದ್ರಿಸಿಟ್ಟುಕೊಂಡರೆ ಅರ್ಧ ವರ್ಷದ ಅಲೆದಾಟ ಉಳಿಯುತ್ತದೆ. ದೇವಮ್ಮನ ಆಧಾರ್ ಅನ್ನು ಹೊಸ ಖಾತೆಗೆ ಜೋಡಿಸಿದ ಮೇಲೆ, ನಿಂತಿದ್ದ 12,000 ರೂ. ಬಂದಾಗ ಅವಳು ಹತ್ತನೇ ತರಗತಿಯಲ್ಲಿದ್ದಳು.

ಮನೆಯಲ್ಲಿ ಆದ ಬದಲಾವಣೆ

ಅಷ್ಟರಲ್ಲಿ ಸೈಟು ಮುಗಿದಿತ್ತು. ಮೇಸ್ತ್ರಿ ಕುಟುಂಬವನ್ನು ನಗರದ ಉತ್ತರದಂಚಿಗೆ ಕರೆದೊಯ್ದ. ಹಿಂದಿನಂತಾಗಿದ್ದರೆ ದೇವಮ್ಮ ಶಾಲೆ ಬದಲಿಸುತ್ತಿದ್ದಳು, ಇಲ್ಲವೇ ಬಿಡುತ್ತಿದ್ದಳು. ಪಟ್ಟಿಯಲ್ಲಿ ಬಂದ ಹೆಸರು ಈ ಶಾಲೆಯದು, ಪರಿಶೀಲಿಸಬೇಕಾದ ನೋಡಲ್ ಅಧಿಕಾರಿ ಇಲ್ಲಿಯವರು. ಬೇರೆ ಸರ್ಕಾರಿ ಶಾಲೆಗೆ ಹೋದರೂ ವಿದ್ಯಾರ್ಥಿವೇತನ ರದ್ದಾಗುವುದಿಲ್ಲ, ಆದರೆ ಕಾಗದದ ಕೊಂಡಿ ಸಡಿಲವಾಗುತ್ತದೆ. ಎರಡು ಬಸ್ಸು ಹಿಡಿದು ಒಂದೂವರೆ ಗಂಟೆ ಪ್ರಯಾಣ ಮಾಡಿ ಹಳೆಯ ಶಾಲೆಗೇ ಬರುವುದೆಂದು ತೀರ್ಮಾನಿಸಿದರು. 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ಇರಲಿಲ್ಲ. ಅದಿಲ್ಲದಿದ್ದರೆ ಸಾವಿರ ರೂಪಾಯಿಯ ದೊಡ್ಡ ಪಾಲು ಟಿಕೆಟ್ಟಿಗೇ ಹೋಗುತ್ತಿತ್ತು.

ಹಣ ಬಂದಾಗ ಮೇಸ್ತ್ರಿಯ ಮುಂಗಡ ತೀರಿಸಲು ಕೊಡು ಎಂದು ತಂದೆ ಕೇಳಿದರು. ತಪ್ಪೇನಿಲ್ಲ, ಮುಂಗಡ ತೀರಿದರೆ ಎಲ್ಲಿ ಕೆಲಸ ಮಾಡಬೇಕೆಂಬ ಆಯ್ಕೆ ಕುಟುಂಬದ ಕೈಗೆ ಬರುತ್ತದೆ. ಮಾತುಕತೆಯಾಗಿ ನಾಲ್ಕು ಸಾವಿರ ಮುಂಗಡಕ್ಕೆ ಹೋಯಿತು. ಉಳಿದದ್ದರಲ್ಲಿ ಗಣಿತ, ವಿಜ್ಞಾನದ ಟ್ಯೂಷನ್, ಕನ್ನಡಕ, ಒಂದು ಜೊತೆ ಶೂ, ಚಾರ್ಜಿಗೆ ಹಾಕಿಟ್ಟರೆ ರಾತ್ರಿ ಓದಲು ಬರುವ ದೀಪ. ಶೆಡ್ಡುಗಳ ಸಾಲಿಗೆ ಕರೆಂಟು ಬರುತ್ತಿದ್ದದ್ದು ರಾತ್ರಿ ಒಂಬತ್ತರವರೆಗೆ ಮಾತ್ರ. ಆ ಕನ್ನಡಕದ ಬಗ್ಗೆ ಒಂದು ಮಾತು: ಗಣಿತದಲ್ಲಿ ಅವಳು ಹಿಂದಿದ್ದದ್ದಕ್ಕೆ ಪಾಠ ತಪ್ಪಿದ್ದು ಒಂದು ಕಾರಣವಾದರೆ, ಮೂರನೇ ಬೆಂಚಿನಿಂದ ಬೋರ್ಡು ಕಾಣದಿದ್ದದ್ದು ಇನ್ನೊಂದು.

ಮದುವೆಯ ಮಾತು ಮತ್ತೆ ಎದ್ದಾಗ ತಂದೆಯೇ ಅಜ್ಜಿಗೆ ಕೊಟ್ಟ ಉತ್ತರ: “ಹನ್ನೆರಡನೇತ್ತ ಮಟ ಸರ್ಕಾರ ರೊಕ್ಕ ಹಾಕ್ತದವ್ವ. ಅಲ್ಲೀಮಟ ಈ ಮಾತು ಬ್ಯಾಡ.” ಹನ್ನೆರಡನೇ ತರಗತಿ ಮುಗಿಯುವ ಹೊತ್ತಿಗೆ ಹುಡುಗಿಗೆ ಹದಿನೆಂಟು. ಮೊತ್ತ ಚಿಕ್ಕದಾದರೂ ನಾಲ್ಕು ವರ್ಷದ ಕಾಲಾವಧಿಯೇ ಇಲ್ಲಿ ದೊಡ್ಡ ಕೆಲಸ ಮಾಡಿತು. ಒಂದೇ ಸಲಕ್ಕೆ ಕೊಡುವ ಬಹುಮಾನದ ಹಣ ತಂದೆಯ ಬಾಯಲ್ಲಿ ಆ ಮಾತನ್ನು ತರುತ್ತಿರಲಿಲ್ಲ. ವಿದ್ಯಾರ್ಥಿವೇತನಗಳನ್ನು ರೂಪಿಸುವ ಸಂಘ ಸಂಸ್ಥೆಗಳು, ದಾನಿಗಳು ಇದನ್ನು ಗಮನಿಸಬೇಕು.

ಹತ್ತರಿಂದ ಹನ್ನೊಂದಕ್ಕೆ

ಪ್ರತಿ ವರ್ಷ ನವೀಕರಣ ಮಾಡಿಸಬೇಕು. ಒಂಬತ್ತರಿಂದ ಹತ್ತಕ್ಕೆ, ಹನ್ನೊಂದರಿಂದ ಹನ್ನೆರಡಕ್ಕೆ ಮೊದಲ ಯತ್ನದಲ್ಲೇ ತೇರ್ಗಡೆಯಾಗಿದ್ದರೆ ಸಾಕು. ಹನ್ನೊಂದಕ್ಕೆ ಮಾತ್ರ ಎಸ್‌ಎಸ್‌ಎಲ್‌ಸಿಯಲ್ಲಿ ಶೇ. 60 ಬೇಕು, ಅಂದರೆ 625ಕ್ಕೆ 375, ಪರಿಶಿಷ್ಟರಿಗೆ ಶೇ. 5 ರಿಯಾಯಿತಿ. ಈ ಸಂಖ್ಯೆಯನ್ನು ದೇವಮ್ಮ ತನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದಳು. ಬಂದದ್ದು 391.

ಒಂಬತ್ತನೇ ತರಗತಿಯ ನಡುವೆ ಅವಳಿಗೆ ಹದಿನೈದು ತುಂಬಿತ್ತು. ಆ ವಯಸ್ಸಿಗೆ ಬೆರಳಚ್ಚು, ಕಣ್ಣಿನ ಗುರುತುಗಳನ್ನು ಆಧಾರ್‌ನಲ್ಲಿ ಕಡ್ಡಾಯವಾಗಿ ಹೊಸದಾಗಿ ಕೊಡಬೇಕು. ಕೊಡದಿದ್ದರೆ ಪೋರ್ಟಲ್‌ನಲ್ಲೂ ಬ್ಯಾಂಕಿನಲ್ಲೂ ದೃಢೀಕರಣ ಕೈಕೊಡಬಹುದು. ದಸರಾ ರಜೆಯಲ್ಲಿ ಮಾಡಿಸಿದರು.

ಪಿಯುಸಿಗೆ ಖಾಸಗಿ ಕಾಲೇಜೊಂದು ಅರ್ಧ ಶುಲ್ಕಕ್ಕೆ ಸೀಟು ಕೊಡಲು ಮುಂದೆ ಬಂತು. ಅಂಕಪಟ್ಟಿ ಬಂದ ವಾರ ಇಂಥ ಕರೆಗಳು ಎಲ್ಲ ಒಳ್ಳೆಯ ಮಕ್ಕಳ ಮನೆಗೂ ಬರುತ್ತವೆ. ಅನುದಾನರಹಿತ ಕಾಲೇಜಿಗೆ ಸೇರಿದ ದಿನವೇ ಎನ್‌ಎಂಎಂಎಸ್ ಮುಗಿಯುತ್ತದೆ: ಎರಡು ವರ್ಷದ 24,000 ರೂ. ಹೋಗುತ್ತದೆ, ಮೇಲೆ ಉಳಿದರ್ಧ ಶುಲ್ಕ ಕೈಯಿಂದ ಕಟ್ಟಬೇಕು. ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿದ ಮೇಲೆ ಕುಟುಂಬ ಸರ್ಕಾರಿ ಕಾಲೇಜನ್ನು ಆರಿಸಿಕೊಂಡಿತು.

ಇಲ್ಲಿಯೂ ಒಂದು ಗಂಡಾಂತರ ತಪ್ಪಿತು. ಸಂಸ್ಥೆ ಬದಲಾದ್ದರಿಂದ ನವೀಕರಣದ ಅರ್ಜಿಯಲ್ಲಿ ಹೊಸ ಕಾಲೇಜನ್ನು ಆರಿಸಬೇಕು, ಪರಿಶೀಲನೆಯೂ ಅಲ್ಲೇ ಆಗಬೇಕು. ಅಂಕಗಳ ಕಾಲಂನಲ್ಲಿ ಶೇಕಡಾವಾರು ತುಂಬಬೇಕಾದ ಜಾಗದಲ್ಲಿ ಒಟ್ಟು ಅಂಕ ತುಂಬಿದ್ದರಿಂದ ಕಾಲೇಜು ಅರ್ಜಿಯನ್ನು ‘ಡಿಫೆಕ್ಟಿವ್’ ಎಂದು ಹಿಂದಿರುಗಿಸಿತು. ಹಾಗೆಂದರೆ ತಿರಸ್ಕಾರವಲ್ಲ, ತಿದ್ದಿ ಮರಳಿ ಕಳಿಸಲು ಅವಕಾಶ. ಆದರೆ ಅದಕ್ಕೂ ಗಡುವಿದೆ, ಒಂದು ವರ್ಷ ನವೀಕರಣ ತಪ್ಪಿದರೆ ಮುಂದಿನ ವರ್ಷವೂ ಹೋದಂತೆ. ಚಿಕ್ಕಪ್ಪನ ಫೋನಿಗೆ ಬಂದ ಸಂದೇಶವನ್ನು ಅವರು ಕೂಡಲೇ ಓದಿ ಹೇಳಿದ್ದರಿಂದ ಉಳಿಯಿತು. ಅರ್ಜಿ ಕಳಿಸಿದ ಮೇಲೆ ಎರಡೂ ಹಂತದ ಪರಿಶೀಲನೆ ಮುಗಿಯುವ ತನಕ ಹದಿನೈದು ದಿನಕ್ಕೊಮ್ಮೆ ಪೋರ್ಟಲ್‌ನಲ್ಲಿ ಸ್ಥಿತಿ ನೋಡುವ ಕೆಲಸವನ್ನು ಒಬ್ಬರ ಹೆಸರಿಗೆ ಒಪ್ಪಿಸಿರಬೇಕು. ಎಲ್ಲರೂ ನೋಡುತ್ತಾರೆಂದರೆ ಯಾರೂ ನೋಡುವುದಿಲ್ಲ.

ಎರಡು ವರ್ಷದ 24,000 ರೂ. ಕೈಸೇರಿದೆ, ಹನ್ನೊಂದನೇ ತರಗತಿಯದು ಪರಿಶೀಲನೆ ಮುಗಿದು ಬಾಕಿ ಇದೆ. ಮುಂದಿನ ವರ್ಷ ಹದಿನೆಂಟು ತುಂಬಿದಾಗ ಅವಳ ಖಾತೆ ಅಪ್ರಾಪ್ತರ ಖಾತೆಯಾಗಿ ಮುಂದುವರಿಯುವುದಿಲ್ಲ. ಹೊಸ ಸಹಿ, ಹೊಸ ಕೆವೈಸಿ ಕೊಡದಿದ್ದರೆ ಖಾತೆ ತಡೆಹಿಡಿಯಲ್ಪಟ್ಟು ಕೊನೆಯ ಕಂತು ಮತ್ತೆ ವಾಪಸಾಗಬಹುದು. ಹುಟ್ಟುಹಬ್ಬದ ವಾರದಲ್ಲೇ ಬ್ಯಾಂಕಿಗೆ ಹೋಗುವುದೆಂದು ಈಗಲೇ ಬರೆದಿಟ್ಟಿದ್ದಾರೆ.

ಮೂರನೇ ತರಗತಿಯಲ್ಲಿದ್ದ ತಮ್ಮ ಈಗ ಆರನೇ ತರಗತಿ. ಅವನು ಎಂಟಕ್ಕೆ ಬರುವುದು 2027–28ರಲ್ಲಿ. ಅಕ್ಕನಿಗಾಗಿ 2022ರಲ್ಲಿ ಮಾಡಿಸಿದ ಆದಾಯ ಪ್ರಮಾಣಪತ್ರದ ಐದು ವರ್ಷ ಮುಗಿಯುವುದು 2027ರ ಅಕ್ಟೋಬರ್‌ನಲ್ಲಿ, ಹೆಚ್ಚುಕಡಿಮೆ ಪರೀಕ್ಷೆಗೆ ಅರ್ಜಿ ಕರೆಯುವ ಹೊತ್ತಿಗೇ. ಅದೇ ವರ್ಷದ ಮುಂಗಾರು ಬಿತ್ತನೆಗೆ ಮನೆಯವರು ಊರಲ್ಲಿದ್ದಾಗ, ಮನೆಯ ಬಾಗಿಲು ತೆರೆದಿರುವಾಗಲೇ, ಹೊಸದಕ್ಕೆ ಅರ್ಜಿ ಹಾಕಬೇಕು.